ಮಗುವಿನ ಸ್ವಭಾವ ನೋಡಿ ಬಡಿಸಿ: ತೂಕದ ಚಿಂತೆ ಇರುವ ಮನೆಗಳಿಗೆ

ಒಂದೇ ಮನೆಯ ಇಬ್ಬರು ಮಕ್ಕಳನ್ನು ಗಮನಿಸಿ. ದೊಡ್ಡವನು ಸಣ್ಣದಕ್ಕೂ ರಂಪ ಮಾಡುತ್ತಾನೆ. ಅಳು ಶುರುವಾಗುವಷ್ಟರಲ್ಲಿ ಅವನ ಕೈಗೆ ಬಿಸ್ಕತ್ತು ಬಂದಿರುತ್ತದೆ. ಚಿಕ್ಕವಳು ಮೆತ್ತಗೆ. ಹೊಸ ತಿನಿಸು ಕಂಡರೆ ತುಟಿ ಬಿಗಿ ಹಿಡಿಯುತ್ತಾಳೆ. ಅವಳ ಹಿಂದೆ ಬಟ್ಟಲು ಹಿಡಿದು ಓಣಿ ತುಂಬ ಓಡಾಡುವುದೇ ಮನೆಯವರ ಕೆಲಸ. ಅಡುಗೆ ಒಂದೇ, ತಾಯಿ ಒಬ್ಬಳೇ. ಆದರೂ ಒಬ್ಬ ದಪ್ಪಗಾಗುತ್ತಾನೆ, ಇನ್ನೊಬ್ಬಳು ಸೊರಗುತ್ತಾಳೆ. ಕಲಬುರಗಿ, ಬೀದರ, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಮಾತು.

ತಪ್ಪು ತಾಯಿಯದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಮಗುವಿನ ಸ್ವಭಾವ ನಮ್ಮ ಬಡಿಸುವ ಕೈಯನ್ನು ಬದಲಿಸುತ್ತದೆ. ಬದಲಾದ ಕೈ ಮಗುವಿನ ಹಸಿವಿನ ಲೆಕ್ಕವನ್ನು ತಪ್ಪಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಲ್ಲಿ ಹುಟ್ಟಿದ ಅವಳಿ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಜೆಮಿನಿ ಎಂಬ ಅಧ್ಯಯನದಲ್ಲೂ ಇದೇ ಕಂಡಿತು. ಅವಳಿಗಳಲ್ಲಿ ಯಾವ ಮಗು ಊಟ ಬೇಡ ಎಂದು ಹೆಚ್ಚು ಹಟ ಮಾಡುತ್ತಿತ್ತೋ ಅದಕ್ಕೇ ತಾಯಂದಿರು ಹೆಚ್ಚು ಒತ್ತಾಯ ಮಾಡುತ್ತಿದ್ದರು. ಜೊತೆಯಲ್ಲೇ ಹುಟ್ಟಿದ ಇನ್ನೊಂದು ಮಗುವಿಗೆ ಅಷ್ಟು ಒತ್ತಾಯ ಇರಲಿಲ್ಲ. ಅಂದರೆ ಮೊದಲು ಮಗುವನ್ನು ಅರ್ಥ ಮಾಡಿಕೊಳ್ಳಬೇಕು. ಆಮೇಲೆ ತಟ್ಟೆಯ ಮಾತು.

ಮೊದಲ ಹೆಜ್ಜೆ: ಕಣ್ಣಳತೆ ಬಿಡಿ, ತೂಗಿಸಿ

ನಮ್ಮ ಭಾಗದಲ್ಲಿ "ಕೂಸು ಸೊರಗ್ಯಾದ" ಎಂಬ ಚಿಂತೆಗೆ ಕಾರಣ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ತೊಂದರೆ ತುಂಬಾ ಜಾಸ್ತಿ ಇರುವ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿ, ಕಲಬುರಗಿ ಇವೆ. ಇನ್ನೊಂದು ಕಡೆ, ದೇಶದಲ್ಲಿ ಅತಿ ತೂಕದ ಚಿಕ್ಕ ಮಕ್ಕಳ ಪ್ರಮಾಣ ನೂರಕ್ಕೆ 2.1ರಿಂದ 3.4ಕ್ಕೆ ಏರಿದೆ. ಸಂಖ್ಯೆ ಚಿಕ್ಕದು, ಆದರೆ ಅದು ಏರುತ್ತಿರುವುದು ನಿಜ. ಆದ್ದರಿಂದ ನಿಮ್ಮ ಮಗು ಯಾವ ಕಡೆ ಇದೆ ಎಂದು ಪಕ್ಕದ ಮನೆಯವರು ಹೇಳಿದರೆ ಸಾಲದು.

ಅಂಗನವಾಡಿಗೆ ಹೋಗಿ ತೂಕ, ಎತ್ತರ ಎರಡನ್ನೂ ಅಳೆಸಿ. ತೂಕ ಒಂದೇ ನೋಡಿದರೆ ಮೋಸ ಹೋಗುತ್ತೀರಿ. ಎತ್ತರ ಕಡಿಮೆ ಇರುವ ಮಗು ತೂಕದಲ್ಲಿ ಹಗುರ ಕಂಡರೂ, ಆ ಎತ್ತರಕ್ಕೆ ಸರಿಯಾದ ತೂಕವೇ ಇರಬಹುದು. ಅದಕ್ಕೆ "ಎತ್ತರಕ್ಕೆ ತಕ್ಕ ತೂಕ ಇದೆಯಾ ನೋಡ್ರಿ ಅಕ್ಕಾ" ಎಂದು ಕಾರ್ಯಕರ್ತೆಯನ್ನು ಕೇಳಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇರುತ್ತದೆ. ಪ್ರತಿ ತಿಂಗಳ ಚುಕ್ಕೆಯನ್ನು ಅದರ ಮೇಲೆ ಹಾಕಿಸಿ. ಒಂದು ಚುಕ್ಕೆಗಿಂತ ಗೆರೆ ಹೋಗುವ ದಿಕ್ಕು ಮುಖ್ಯ.

ಬೆಳವಣಿಗೆಯ ಈ ಲೆಕ್ಕ ಗೊತ್ತಿದ್ದರೆ ಅರ್ಧ ಜಗಳ ನಿಲ್ಲುತ್ತದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಕೂಡುವುದು ಬರೀ ಎರಡು, ಎರಡೂವರೆ ಕಿಲೋ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಮನೆಯವರು ಗಾಬರಿಯಾಗುವುದು ಸರಿಯಾಗಿ ಆಗಲೇ. "ಮೊನ್ನೆ ತನಕ ಚೆಂದ ಉಣ್ಣತಿತ್ತು, ಈಗ ಏನಾಯ್ತೋ" ಅನ್ನುತ್ತಾರೆ. ಏನೂ ಆಗಿಲ್ಲ. ಮೂರು, ನಾಲ್ಕು, ಐದು ವರ್ಷದಲ್ಲಿ ಮೈ ತೆಳ್ಳಗಾಗಿ ಪಕ್ಕೆಲುಬು ಕಾಣುವ ಮಕ್ಕಳೂ ಇರುತ್ತಾರೆ. ಐದಾರು ವರ್ಷದ ಹೊತ್ತಿಗೆ ಮಕ್ಕಳ ಮೈಯಲ್ಲಿ ಕೊಬ್ಬು ತೀರಾ ಕಡಿಮೆ ಇರುವುದು ಸಹಜ. ಗೆರೆ ಸರಿಯಾಗಿ ಹೋಗುತ್ತಿದ್ದರೆ ಆ ಪಕ್ಕೆಲುಬಿಗೆ ಹೆದರಬೇಡಿ.

ಎರಡನೇ ಹೆಜ್ಜೆ: ಒಂದು ವಾರ ಸುಮ್ನೆ ನೋಡಿ

ಈ ವಾರ ಏನನ್ನೂ ಬದಲಿಸಬೇಡಿ. ನೋಡಿ, ಬರೆದಿಡಿ, ಅಷ್ಟೇ. ಮಗು ಯಾವಾಗ ಅತ್ತಿತು, ಆಗ ನಾವು ಏನು ಕೊಟ್ಟೆವು. ಹೊಸ ಪಲ್ಯ ಕಂಡಾಗ ಏನು ಮಾಡಿತು. ಹೊಟ್ಟೆ ತುಂಬಿದ ಮೇಲೆ ತಾನಾಗಿ ನಿಲ್ಲಿಸಿತಾ, ಅಥವಾ ತಟ್ಟೆ ಖಾಲಿಯಾಗುವ ತನಕ ತಿಂದಿತಾ. ಊಟ ಬೇಗ ಬೇಗ ಮುಗಿಸುತ್ತಾ, ಹನಿ ಹನಿ ಉಣ್ಣುತ್ತಾ.

ಮಕ್ಕಳ ಸ್ವಭಾವದ ಬಗ್ಗೆ ತುಂಬಾ ಹೆಸರಾದ ಅಧ್ಯಯನ ನ್ಯೂಯಾರ್ಕಿನಲ್ಲಿ 1956ರಲ್ಲಿ ಶುರುವಾಯಿತು. ಅಲೆಕ್ಸಾಂಡರ್ ಥಾಮಸ್, ಸ್ಟೆಲಾ ಚೆಸ್ ಎಂಬ ವೈದ್ಯ ದಂಪತಿ ಹಸುಗೂಸುಗಳನ್ನು ದೊಡ್ಡವರಾಗುವ ತನಕ ನೋಡಿದರು. ಅವರು ಕಂಡುಕೊಂಡಂತೆ ನೂರರಲ್ಲಿ ಸುಮಾರು 40 ಮಕ್ಕಳು ಸಲೀಸು: ಹೊತ್ತಿಗೆ ಹಸಿವು, ಹೊತ್ತಿಗೆ ನಿದ್ದೆ. ಸುಮಾರು 10 ಮಕ್ಕಳು ಜೋರು: ಹೊತ್ತುಗೊತ್ತಿಲ್ಲ, ಅತ್ತರೆ ಬೇಗ ಸುಮ್ಮನಾಗುವುದಿಲ್ಲ. ಸುಮಾರು 15 ಮಕ್ಕಳು ನಿಧಾನ: ಹೊಸದು ಏನೇ ಬಂದರೂ ಹಿಂದೆ ಸರಿಯುತ್ತವೆ, ಹೊತ್ತು ಕೊಟ್ಟರೆ ಹತ್ತಿರ ಬರುತ್ತವೆ. ಉಳಿದವು ಎಲ್ಲದರ ಮಿಶ್ರಣ. ನನಗೆ ಇದರಲ್ಲಿ ಅತಿ ಮುಖ್ಯ ಅನಿಸುವ ಮಾತು ಒಂದು. ಯಾವ ಸ್ವಭಾವವೂ ಕೆಟ್ಟದ್ದಲ್ಲ ಎಂದು ಅವರು ಹೇಳಿದರು. ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಿಕೆಯಾಗದಿದ್ದಾಗಲೇ ತೊಂದರೆ.

ಸ್ವಭಾವದ ಜೊತೆಗೆ ಹಸಿವಿನ ಗುಣವನ್ನೂ ನೋಡಿ. ಕೆಲವು ಮಕ್ಕಳಿಗೆ ತಿನಿಸು ಕಂಡರೆ ಸಾಕು, ಉಂಡು ಎದ್ದಿದ್ದರೂ ಮತ್ತೆ ಬೇಕು. ಕೆಲವಕ್ಕೆ ನಾಲ್ಕು ತುತ್ತಿಗೇ ಸಾಕಾಗುತ್ತದೆ. ಇದರಲ್ಲಿ ದೊಡ್ಡ ಪಾಲು ಹುಟ್ಟಿನಿಂದ ಬಂದದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. "ಹೊಟ್ಟಿಬಾಕ" ಎಂದು ಬೈಯುವ ಮೊದಲು ಇದನ್ನು ನೆನಪಿಡಿ.

ಮೂರನೇ ಹೆಜ್ಜೆ: ಅಳುವನ್ನೂ ಹಸಿವನ್ನೂ ಬೇರೆ ಮಾಡಿ

ಜೋರು ಸ್ವಭಾವದ ಮಗು ಇರುವ ಮನೆಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಆರು ತಿಂಗಳೊಳಗಿನ ಕೂಸಿನ ವಿಷಯ ಮೊದಲು ಹೇಳುತ್ತೇನೆ. ಅದಕ್ಕೆ ತಾಯಿಯ ಹಾಲು ಮಾತ್ರ, ಅದು ಕೇಳಿದಾಗಲೆಲ್ಲ. ಹೊತ್ತು ನೋಡಿ ಕಾಯಿಸಬೇಡಿ. ಕೂಸು ಬಾಯಿ ಚಪ್ಪರಿಸುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಎದೆ ಹುಡುಕುವುದು, ಮುಷ್ಟಿ ಬಾಯಿಗೆ ಹಾಕಿಕೊಳ್ಳುವುದು ಹಸಿವಿನ ಮೊದಲ ಗುರುತು. ಅಳು ಬರುವುದು ಆಮೇಲೆ. ಆ ಮೊದಲ ಗುರುತನ್ನು ಕಲಿತ ತಾಯಿಗೆ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಎಂದು ತಾನಾಗಿ ತಿಳಿಯುತ್ತದೆ.

ಕಷ್ಟ ಶುರುವಾಗುವುದು ಬಿಸ್ಕತ್ತು, ಟೋಸ್ಟು, ಚಾ, ಐದು ರೂಪಾಯಿ ಪಾಕೀಟು ಮನೆಗೆ ಬಂದಾಗ. "ಯಾಕ ಅಳ್ಲಾಕತ್ತದ? ಏನರ ತಿನ್ಲಾಕ ಕೊಡು." ಈ ಮಾತು ಕೇಳದ ಮನೆ ನಮ್ಮ ಕಡೆ ಇದೆಯಾ? ಮಗು ಬಿದ್ದರೂ ಬಿಸ್ಕತ್ತು, ಬೇಸರವಾದರೂ ಬಿಸ್ಕತ್ತು, ಬಸ್ಸಿನಲ್ಲಿ ಕಿರಿಕಿರಿ ಮಾಡಿದರೂ ಬಿಸ್ಕತ್ತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಿಂಥಿಯಾ ಸ್ಟಿಫ್ಟರ್ ಮತ್ತು ಸಂಗಡಿಗರು 2011ರಲ್ಲಿ ಇದರ ಬಗ್ಗೆ ಬರೆದರು. ಅಳು ನಿಲ್ಲಿಸಲು ತಿನಿಸು ಕೊಡುವ ರೂಢಿಗೂ ಮಗುವಿನ ಹೆಚ್ಚಿನ ತೂಕಕ್ಕೂ ನಂಟು ಕಂಡಿತು. ಸಿಟ್ಟು, ಕಿರಿಕಿರಿ ಜಾಸ್ತಿ ಇರುವ ಮಕ್ಕಳಲ್ಲಿ ಆ ನಂಟು ಎದ್ದು ಕಂಡಿತು. ಕಾರಣ ಊಹಿಸಬಹುದು ಅಲ್ವಾ? ಜಾಸ್ತಿ ಅಳುವ ಮಗುವಿಗೆ ಜಾಸ್ತಿ ಸಲ ತಿನಿಸು ಸಿಗುತ್ತದೆ. ದುಃಖ ಬಂದಾಗ ಸಿಹಿ ತಿನ್ನಬೇಕು ಎಂಬುದನ್ನು ಅದು ನಮ್ಮಿಂದಲೇ ಕಲಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಮಗು ಅತ್ತಾಗ ಈ ಸಾಲಿನಲ್ಲಿ ನೋಡಿ. ಕೊನೆಯ ಊಟ ಆಗಿ ಎಷ್ಟು ಹೊತ್ತಾಯಿತು? ಎರಡೂವರೆ, ಮೂರು ಗಂಟೆ ಆಗಿದ್ದರೆ ಹಸಿವೇ ಇರಬಹುದು, ಊಟ ಕೊಡಿ. ಈಗಷ್ಟೇ ಉಂಡಿದ್ದರೆ ಬೇರೆ ಕಾರಣ ಹುಡುಕಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆರು ತಿಂಗಳು ದಾಟಿದ ಮಗುವಿನ ಕಿರಿಕಿರಿ ಬಹಳ ಸಲ ಬಾಯಾರಿಕೆಯದು. ನೀರು ಕೊಟ್ಟು ನೋಡಿ. ಬೆವರಿನ ಗುಳ್ಳೆ ಎದ್ದಿರಬಹುದು, ಒದ್ದೆ ಬಟ್ಟೆಯಿಂದ ಒರೆಸಿ, ತೆಳು ಹತ್ತಿ ಅಂಗಿ ಹಾಕಿ. ನಿದ್ದೆಯ ಹೊತ್ತು ಮೀರಿರಬಹುದು. ಬರೀ ಎತ್ತಿಕೊಳ್ಳಲಿ ಎಂದು ಅಳುತ್ತಿರಬಹುದು. ಎತ್ತಿಕೊಳ್ಳಿ. ಎತ್ತಿಕೊಂಡರೆ ಮಗು ಕೆಡುವುದಿಲ್ಲ.

ಮಾತು ಬರುವ ಮಗುವಾದರೆ ಅದರ ಸಿಟ್ಟಿಗೆ ಮಾತು ಕೊಡಿ. "ಆಟಿಗಿ ಮುರೀತು ಅಂತ ಸಿಟ್ಟು ಬಂತೇನು?" ಎಂದು ಕೇಳಿ. ಪಕ್ಕದಲ್ಲಿ ಕೂತಿರಿ. ಅಂಗಳಕ್ಕೆ ಕರೆದುಕೊಂಡು ಹೋಗಿ ಆಡು, ಎಮ್ಮೆ ತೋರಿಸಿ. ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ, ಏಕೆಂದರೆ ಮಗು ಹಳೆಯ ಉತ್ತರಕ್ಕೆ ಕಾಯುತ್ತಿರುತ್ತದೆ. ಮನೆಯವರು ಗಟ್ಟಿಯಾಗಿ ಒಂದೇ ಮಾತಿನ ಮೇಲೆ ನಿಲ್ಲಬೇಕಾದ್ದು ಆಗಲೇ.

ಇದು ಬರೀ ಹೇಳಿಕೆಯ ಮಾತಲ್ಲ. ಪೆನ್ ಸ್ಟೇಟ್‌ನಲ್ಲೇ ಚೊಚ್ಚಲ ತಾಯಂದಿರ ಮೇಲೆ ಇನ್‌ಸೈಟ್ ಎಂಬ ಪ್ರಯೋಗ ನಡೆಯಿತು. 279 ತಾಯಿ-ಮಗು ಜೋಡಿಗಳು ಅದರಲ್ಲಿದ್ದವು. ಅರ್ಧ ತಾಯಂದಿರಿಗೆ ನರ್ಸುಗಳು ಮನೆಗೆ ಹೋಗಿ ಹಸಿವಿನ ಗುರುತು ನೋಡುವುದು, ತಿನಿಸಿಲ್ಲದೆ ಸಮಾಧಾನ ಮಾಡುವುದು, ಮಲಗಿಸುವುದು ಕಲಿಸಿದರು. ಉಳಿದವರಿಗೆ ಮನೆಯಲ್ಲಿ ಮಗುವಿನ ಸುರಕ್ಷತೆಯ ಪಾಠ. ಮೂರು ವರ್ಷವಾದಾಗ ಮೊದಲ ಗುಂಪಿನ ಮಕ್ಕಳ ತೂಕ ಎತ್ತರಕ್ಕೆ ಹೋಲಿಸಿದರೆ ಸ್ವಲ್ಪ ಹಿತಮಿತವಾಗಿತ್ತು. ವ್ಯತ್ಯಾಸ ಚಿಕ್ಕದೇ. ಆದರೆ ಔಷಧಿ ಇಲ್ಲ, ಪಥ್ಯ ಇಲ್ಲ, ಬರೀ ಉಣಿಸುವ, ಸಮಾಧಾನ ಮಾಡುವ, ಮಲಗಿಸುವ ರೀತಿ ಬದಲಿಸಿದ್ದರಿಂದ ಬಂದದ್ದು.

ನಾಲ್ಕನೇ ಹೆಜ್ಜೆ: ನಿಧಾನದ ಮಗುವಿನ ಬಾಯಿಗೆ ತುರುಕಬೇಡಿ

ಎರಡರಿಂದ ಆರು ವರ್ಷದ ನಡುವೆ ಹೊಸ ತಿನಿಸಿಗೆ ಹೆದರುವುದು ಬಹಳ ಮಕ್ಕಳಲ್ಲಿ ಇರುತ್ತದೆ. ನಿಧಾನ ಸ್ವಭಾವದ ಮಗುವಿನಲ್ಲಿ ಅದು ಇನ್ನೂ ಜಾಸ್ತಿ. ಇಂಥ ಮಗುವಿನ ಕೈಕಾಲು ಹಿಡಿದು ಉಣಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಆ ಮಗುವಿಗೆ ತಟ್ಟೆ ಕಂಡರೇ ಹೊಟ್ಟೆ ಬಿಗಿಯುತ್ತದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚಿಕ್ಕ ಮಕ್ಕಳಿಗೆ ಎರಡು ಬಗೆಯ ಸೂಪು ಕೊಟ್ಟರು. ಒಂದಕ್ಕೆ "ಮುಗಿಸು, ಮುಗಿಸು" ಎಂಬ ಒತ್ತಾಯ. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಮಕ್ಕಳು ಹೆಚ್ಚು ಕುಡಿದದ್ದು ಒತ್ತಾಯ ಇಲ್ಲದ ಸೂಪನ್ನೇ.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಇದಕ್ಕೆ ಒಂದು ಸರಳ ಹಂಚಿಕೆ ಹೇಳಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೆಲಸ. ಉಣ್ಣಬೇಕಾ, ಎಷ್ಟು ಉಣ್ಣಬೇಕು ಎಂಬುದು ಮಗುವಿನ ಕೆಲಸ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಏನು ಬೇಕು ಎಂದು ಮಗು ತೀರ್ಮಾನಿಸುತ್ತದೆ, ಎಷ್ಟು ತುತ್ತು ಎಂದು ನಾವು.

ಇದನ್ನು ನಮ್ಮ ಅಡುಗೆಮನೆಗೆ ತಂದರೆ ಹೀಗೆ. ನಮ್ಮ ಪಲ್ಯ, ಬೇಳೆ ಎಲ್ಲ ಖಾರ. ಖಾರ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಡಿ. ಎಷ್ಟೋ ಮಕ್ಕಳು "ಪಲ್ಯ ಬ್ಯಾಡ" ಅನ್ನುವುದು ಪಲ್ಯಕ್ಕಲ್ಲ, ಖಾರಕ್ಕೆ. ಕಟಕ ರೊಟ್ಟಿ ಸಣ್ಣ ಹಲ್ಲಿಗೆ ಆಗದು. ಮೆತ್ತನೆ ಬಿಸಿ ಜೋಳದ ರೊಟ್ಟಿಯನ್ನು ಹಾಲಿನಲ್ಲೋ ತೊಗರಿಬೇಳೆಯಲ್ಲೋ ನೆನೆಸಿ ಕಿವುಚಿ. ಹೊಸದನ್ನು ಕೊಡುವಾಗ ಮಗುವಿಗೆ ಗೊತ್ತಿರುವ ಒಂದು ತಿನಿಸು ಪಕ್ಕದಲ್ಲಿರಲಿ. ಪುಂಡಿ ಪಲ್ಯವನ್ನು ಬೆರಳ ತುದಿಯಷ್ಟು ಇಡಿ. ಮುಟ್ಟಿದರೂ ಸರಿ, ಮೂಸಿದರೂ ಸರಿ. ಒಂದು ತಿನಿಸನ್ನು ಒಪ್ಪಲು ಕೆಲವು ಮಕ್ಕಳಿಗೆ 10-15 ಸಲ ಬೇಕಾಗುತ್ತದೆ. ಬಹಳ ಮನೆಗಳಲ್ಲಿ ನಾಲ್ಕೈದು ಸಲಕ್ಕೇ "ಇದಕ್ಕ ಇದು ಸೇರಂಗಿಲ್ಲ" ಎಂದು ನಿಲ್ಲಿಸಿಬಿಡುತ್ತಾರೆ. ಊಟ ಅರ್ಧ ಗಂಟೆ ಮೀರಬಾರದು. ಆಮೇಲೆ ತಟ್ಟೆ ಎತ್ತಿಡಿ, ಬೈಯದೆ. ಮುಂದಿನ ಊಟ ಇಲ್ಲವೇ ತಿಂಡಿಯ ಹೊತ್ತಿನ ತನಕ ನೀರು ಬಿಟ್ಟು ಬೇರೇನೂ ಬೇಡ.

ಊಟದ ಮೊದಲು ಚಾ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಬೆಳಿಗ್ಗೆ ಚಾದಲ್ಲಿ ಅದ್ದಿದ ಟೋಸ್ಟು ತಿಂದ ಮಗುವಿಗೆ ರೊಟ್ಟಿಯ ಹೊತ್ತಿಗೆ ಹಸಿವೇ ಇರುವುದಿಲ್ಲ. ಸಕ್ಕರೆ ಹೊಟ್ಟೆ ತುಂಬಿಸಿರುತ್ತದೆ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಾ ತಡೆಯುತ್ತದೆ.

ತೂಕ ನಿಜವಾಗಿಯೂ ಕಡಿಮೆ ಇರುವ ಮಗುವಾದರೆ? ತುತ್ತಿನ ಸಂಖ್ಯೆ ಹೆಚ್ಚಿಸಲು ಹೋಗಬೇಡಿ, ತುತ್ತಿನಲ್ಲಿರುವ ಸತ್ವ ಹೆಚ್ಚಿಸಿ. ತೆಳು ಗಂಜಿಯ ಬದಲು ಗಟ್ಟಿ ಗಂಜಿ. ಅದಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ. ಖಾರ ಹಾಕದೆ ಕುಟ್ಟಿದ ಶೇಂಗಾ ಪುಡಿ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ಇಡೀ ಶೇಂಗಾ ಬೀಜ ಮಾತ್ರ ಐದು ವರ್ಷದ ತನಕ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಚಿಕ್ಕ ತಿಂಡಿ.

ಐದನೇ ಹೆಜ್ಜೆ: ತಿನಿಸಿನ ಆಸೆ ಜಾಸ್ತಿ ಇರುವ ಮಗುವಿಗೆ ಬೀಗ ಹಾಕಬೇಡಿ

ಹುರುಪಿನ, ಎಲ್ಲದಕ್ಕೂ ಮುಂದೆ ಓಡುವ, ತಡೆದುಕೊಳ್ಳಲು ಬಾರದ ಮಕ್ಕಳಲ್ಲಿ ತಿನಿಸಿನ ಸೆಳೆತ ಹೆಚ್ಚಾಗಿರುವುದುಂಟು. ತೂಕ ಏರಿದಾಗ ಮನೆಯವರು ಡಬ್ಬಿ ಮೇಲಕ್ಕೆ ಇಡುತ್ತಾರೆ. ಮಗುವಿಗೆ ಕಾಣುತ್ತಿರುತ್ತದೆ, ಸಿಗುವುದಿಲ್ಲ. 1999ರಲ್ಲಿ ಜೆನಿಫರ್ ಫಿಶರ್, ಲಿಯಾನ್ ಬರ್ಚ್ ನಡೆಸಿದ ಪ್ರಯೋಗದಲ್ಲಿ ಇದನ್ನೇ ಮಾಡಿ ನೋಡಿದರು. ಕಣ್ಣೆದುರು ಇಟ್ಟು ತಡೆದ ತಿನಿಸನ್ನೇ ಮಕ್ಕಳು ಮತ್ತೆ ಮತ್ತೆ ಕೇಳಿದರು, ಅದರ ಬಗ್ಗೆಯೇ ಮಾತಾಡಿದರು. ಅಂಥದ್ದೇ ಇನ್ನೊಂದು ತಿನಿಸಿನ ಮೇಲೆ ಅಷ್ಟು ಆಸೆ ಹುಟ್ಟಲಿಲ್ಲ.

ಅದಕ್ಕೆ ತಡೆಯುವ ಜಾಗ ಬದಲಿಸಿ. ಅಂಗಡಿಯಿಂದ ತರುವಾಗಲೇ ಕಡಿಮೆ ತನ್ನಿ. ಮನೆಯಲ್ಲಿಲ್ಲದ ಪಾಕೀಟಿಗೆ ಜಗಳವೂ ಇಲ್ಲ. ಶರಣಬಸವೇಶ್ವರ ಜಾತ್ರೆಗೆ ಹೋದಾಗ ಜಿಲೇಬಿ ಕೊಡಿಸಿ, ಎಲ್ಲರೂ ಕೂತು ಖುಷಿಯಿಂದ ತಿನ್ನಿ. ಹಬ್ಬದ ಹೋಳಿಗೆಗೆ ಲೆಕ್ಕ ಬೇಡ. ದಿನಾ ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಪೇರಲಹಣ್ಣು, ಕಡಲೆ ಉಸಲಿ, ಮಜ್ಜಿಗೆ ಬರಲಿ. ಚಳಿಗಾಲದಲ್ಲಿ ಹೊಲದಿಂದ ಸೀತನಿ ಬಂದರೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಉಣ್ಣುವ ವೇಗ ಇಳಿಸಿ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಹೊತ್ತು ಬೇಕು. ಚಿಕ್ಕ ತಟ್ಟೆಯಲ್ಲಿ ಕಡಿಮೆ ಬಡಿಸಿ. ಮತ್ತೆ ಕೇಳಿದರೆ "ಹೊಟ್ಟಿ ಏನಂತದ? ಇನ್ನಾ ಜಾಗ ಅದಾ?" ಎಂದು ಕೇಳಿ, ಸ್ವಲ್ಪ ತಡೆದು ಬಡಿಸಿ. ನಿಜವಾಗಿಯೂ ಕೇಳಿ, ಚುಚ್ಚುವುದಕ್ಕಲ್ಲ. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಏನು ತಿಂದು ಬಂದಿದೆ ಎಂದೂ ವಿಚಾರಿಸಿ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ನಮ್ಮ ಭಾಗದ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಮೊಟ್ಟೆಯೂ ಇದೆ. ಊಟ ಮಾಡಿ ಬಂದ ಮಗುವಿಗೆ ಬಾಗಿಲಲ್ಲೇ ಮತ್ತೊಂದು ತಟ್ಟೆ ಹಿಡಿಯುವುದು ಬಹಳ ಮನೆಗಳ ರೂಢಿ.

ಚಿಕ್ಕ ಮಕ್ಕಳಿಗೆ ತೂಕ ಇಳಿಸುವ ಪಥ್ಯ ಬೇಡವೇ ಬೇಡ. ಬಹಳ ಮಕ್ಕಳಿಗೆ ತೂಕ ಏರದಂತೆ ನಿಂತರೆ ಸಾಕು, ಎತ್ತರ ಬೆಳೆದಂತೆ ಮೈ ಸರಿಹೋಗುತ್ತದೆ. "ಡುಮ್ಮ", "ಮೋಟಿ" ಎಂದು ಕರೆಯುವುದನ್ನು ನೆಂಟರಿಗೂ ಬಿಡಿಸಿ. ಆ ಮಾತು ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಆರನೇ ಹೆಜ್ಜೆ: ಆಯಿ, ಮುತ್ಯಾರನ್ನು ಜೊತೆಗೆ ತನ್ನಿ

ಸೊಸೆ ಒಬ್ಬಳೇ ಬದಲಾದರೆ ಏನೂ ಆಗದು. ಬರ ಕಂಡ, ಹಸಿವು ಕಂಡ ಹಿರಿಯರಿಗೆ ಉಣ್ಣದ ಮಗು ಕಂಡರೆ ಎದೆ ಒಡೆಯುತ್ತದೆ. "ಇನ್ನೊಂದು ತುತ್ತು ಉಣ್ಣು ನನ್ನಪ್ಪ" ಎಂಬ ಮಾತಿನಲ್ಲಿ ಆ ನೆನಪೆಲ್ಲ ಇದೆ. ಅವರೊಡನೆ ವಾದ ಬೇಡ. ತಾಯಿ ಕಾರ್ಡು ತೋರಿಸಿ, ಗೆರೆ ತೋರಿಸಿ. "ಆಯೀ, ಕೂಸಿಗಿ ಹೊಟ್ಟಿ ತುಂಬ್ಯಾದ ನೋಡ್ರಿ. ನೀವು ಒಂದ್ ಕಥಿ ಹೇಳ್ರಿ, ನಿಮ್ಮ ಮಾತು ಕೇಳ್ತದ" ಎನ್ನಿ. ಪ್ರೀತಿ ತೋರಿಸಲು ಅವರಿಗೆ ಇನ್ನೊಂದು ದಾರಿ ಕೊಡಬೇಕು. ಸಂಜೆ ಮಗುವನ್ನು ಗುಡಿಯ ಕಟ್ಟೆಗೆ ಕರೆದುಕೊಂಡು ಹೋಗುವುದು ಮುತ್ಯಾನ ಪಾಲಿಗೆ ಬರಲಿ. ಅಪ್ಪನೂ ಒಂದು ಹೊತ್ತು ಮಗುವಿನ ಜೊತೆ ಕೂತು ಅದೇ ಪಲ್ಯ ಉಣ್ಣಲಿ. ಅಪ್ಪ ಬದಿಗೆ ಸರಿಸಿದ ಹೀರೇಕಾಯಿಯನ್ನು ಮಗು ತಿನ್ನುವುದಿಲ್ಲ.

ಮೊಬೈಲು ತೋರಿಸಿ ಉಣಿಸುವ ವಿಷಯ. ಮೊಬೈಲು ಕಂಡಾಗ ಮಗು ಬಾಯಿ ತೆರೆಯುತ್ತದೆ, ಆದರೆ ಹಸಿವನ್ನೂ ಸಾಕೆನಿಸುವುದನ್ನೂ ಮರೆಯುತ್ತದೆ. ಸೊರಗಿದ ಮಗುವಿಗೂ ಬೇಡ, ದಪ್ಪ ಮಗುವಿಗೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಸಿಡಿಮಿಡಿ ಮಾಡುತ್ತದೆ, ಸಿಹಿಯನ್ನೂ ಹೆಚ್ಚು ಕೇಳುತ್ತದೆ.

ಕೊನೆಯದು: ಯಾವಾಗ ವೈದ್ಯರ ಹತ್ತಿರ

ಈ ಹೆಜ್ಜೆಗಳನ್ನು ಎರಡು-ಮೂರು ತಿಂಗಳು ಹಿಡಿದು ಮಾಡಿ. ಪ್ರತಿ ತಿಂಗಳು ತೂಗಿಸಿ. ಆದರೆ ಕೆಲವಕ್ಕೆ ಕಾಯಬಾರದು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಎರಡೂ ಪಾದ ಊದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಆ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಿಯ ಜೊತೆಗೇ ಇರಿಸಿಕೊಂಡು ನೋಡುವ ಪೌಷ್ಟಿಕ ಪುನರ್ವಸತಿ ಕೇಂದ್ರಗಳು ಸರ್ಕಾರಿ ಆಸ್ಪತ್ರೆಗಳಲ್ಲಿವೆ. ನುಂಗಲು ಕಷ್ಟ, ಪದೇ ಪದೇ ವಾಂತಿ, ಭೇದಿ, ಮಣ್ಣು ತಿನ್ನುವುದು ಇದ್ದರೆ ಅದು ಹಟವಲ್ಲ, ಕಾಯಿಲೆ ಇರಬಹುದು. ತೂಕ ಜಾಸ್ತಿ ಇರುವ ಮಗು ಮಲಗಿದಾಗ ಗೊರಕೆ ಹೊಡೆಯುತ್ತಿದ್ದರೆ, ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದೆ ಬರೀ ತೂಕ ಏರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ. ನೀವು ಒಂದು ವಾರ ಬರೆದಿಟ್ಟ ಹಾಳೆಯನ್ನೂ ವೈದ್ಯರಿಗೆ ತೋರಿಸಿ. ಮಗು ಯಾವಾಗ ಅಳುತ್ತದೆ, ಆಗ ಏನು ತಿನ್ನುತ್ತದೆ ಎಂಬುದು ಅವರಿಗೆ ಬೇರೆಲ್ಲೂ ಸಿಗುವುದಿಲ್ಲ.